ಸರ್ಕಾರದ ಯಂತ್ರ ಬರುವ ತನಕ

ಮುಪ್ಪಿನಲ್ಲಿ ಕಣ್ಣು ಮಂಜಾದರೆ ಮನೆಮಂದಿಯೆಲ್ಲ ಕನ್ನಡಕಕ್ಕಾಗಿ ಓಡಾಡುತ್ತೇವೆ. ಕಿವಿ ಮಂದವಾದರೆ ಮಾತ್ರ ನಮ್ಮ ದನಿಯನ್ನು ಏರಿಸುತ್ತೇವೆ. ಅದೂ ಬೇಸರವಾದಾಗ ಮಾತನ್ನೇ ಕಡಮೆ ಮಾಡುತ್ತೇವೆ. "ವಯಸ್ಸಾಯಿತಲ್ಲ, ಇನ್ನು ಕೇಳಿ ಆಗಬೇಕಾದ್ದೇನಿದೆ?" ಎಂಬ ಮಾತು ನಮ್ಮ ಯಾರ ಮನೆಗೂ ಹೊಸದಲ್ಲ.

ಈಗ ಅದೇ ಮಾತು ನಮ್ಮ ಸಂಘದ ಸಹಾಯನಿಧಿಯ ಮುಂದೆ ಪ್ರಶ್ನೆಯಾಗಿ ನಿಂತಿದೆ. ಮಟ್ಟಾಂಚೇರಿಯ ಒಂದು ವೃದ್ಧಾಶ್ರಮದಲ್ಲಿ ನಮ್ಮ ಊರ ಕಡೆಯ ಅಜ್ಜಿಯೊಬ್ಬರಿದ್ದಾರೆ. ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದ ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಎರಡು ಕಿವಿಗೂ ಶ್ರವಣಯಂತ್ರ ಬೇಕು. ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದಲೂ ಇದೆ. ಶೇಕಡಾ 40ಕ್ಕೆ ಕಡಮೆಯಿಲ್ಲದ ನ್ಯೂನತೆಯ ಪ್ರಮಾಣಪತ್ರ, ವರಮಾನದ ಪತ್ರ ಎಲ್ಲವನ್ನೂ ಸೇರಿಸಿ ಅರ್ಜಿ ಹೋಗಿದೆ. ಯಂತ್ರ ಬರಬೇಕು, ಬರಬಹುದು. ಅಲ್ಲಿಯ ತನಕ?

ಸರ್ಕಾರ ಕೊಡುವುದನ್ನು ನಾವೇಕೆ ಕೊಡಬೇಕು, ಆ ಹಣದಲ್ಲಿ ಒಬ್ಬ ಹುಡುಗನ ಕಾಲೇಜು ಫೀಸು ಕಟ್ಟಬಹುದಲ್ಲ, ಎಂದು ಕೆಲವು ಹಿರಿಯರು ಕೇಳುತ್ತಾರೆ. ಇದನ್ನು ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಆದರೆ ಕಡತದ ಆರು ತಿಂಗಳೂ ಎಂಬತ್ತು ದಾಟಿದವರ ಆರು ತಿಂಗಳೂ ಒಂದೇ ಅಲ್ಲ. ಕೇಳದೆ ಕಳೆದ ಕಾಲ ಹೆಚ್ಚಿದಷ್ಟೂ ಆಮೇಲೆ ಯಂತ್ರಕ್ಕೆ ಒಗ್ಗುವುದು ಕಷ್ಟ. ಮರೆವಿನ ಕಾಯಿಲೆಗೆ ಎಡೆಮಾಡುವ, ಆದರೆ ತಡೆಯಬಹುದಾದ ಕಾರಣಗಳಲ್ಲಿ ಕಿವಿಮಂದವನ್ನೂ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2017ರಲ್ಲೇ ಸೇರಿಸಿತು.

ನಮ್ಮಂಥ ವಲಸೆಗಾರರಿಗೆ ಇನ್ನೊಂದು ಸಂಕಟವಿದೆ. ಹುಟ್ಟಿನಿಂದ ಬಂದ ಭಾಷೆಯಾದರೆ ಅರ್ಧ ಪದ ಕೇಳಿದರೂ ಉಳಿದರ್ಧವನ್ನು ಮನಸ್ಸು ತುಂಬಿಕೊಳ್ಳುತ್ತದೆ. ದೊಡ್ಡವರಾದ ಮೇಲೆ ಕಲಿತ ಭಾಷೆಯಲ್ಲಿ, ಅದರಲ್ಲೂ ಗದ್ದಲದ ನಡುವೆ, ಅಷ್ಟು ಸುಲಭವಾಗಿ ತುಂಬಿಕೊಳ್ಳಲಾಗದು. ಐವತ್ತು ವರ್ಷ ಸಲೀಸಾಗಿ ಆಡಿದ ಮಲೆಯಾಳವೇ ಹೀಗೆ ಮೊದಲು ಕೈಬಿಡುತ್ತದೆ. ಊಟದ ಮನೆಯಲ್ಲಿ ಕೇಳಿದ್ದಕ್ಕೆ ಅಜ್ಜಿ ಉತ್ತರ ಕೊಡದಿದ್ದರೆ ಬುದ್ಧಿ ಮಂಕಾಯಿತೆಂದೇ ಸುತ್ತಲಿನವರು ತಿಳಿಯುತ್ತಾರೆ. ಕಿವಿಯ ಪರೀಕ್ಷೆಗೂ ಅಜ್ಜಿಗೆ ಒಗ್ಗುವುದು ಕನ್ನಡ ಪದಗಳ ಪಟ್ಟಿಯೇ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆ ಅಂಥವನ್ನು ಸಿದ್ಧಪಡಿಸಿದೆ.

ಹಾಗಾದರೆ ಕೊಂಡು ಕೊಟ್ಟುಬಿಡೋಣವೇ? ಇಲ್ಲೊಂದು ತೊಡಕು. ಕಳೆದ 3 ವರ್ಷಗಳಲ್ಲಿ ಇದೇ ಉದ್ದೇಶಕ್ಕೆ ಯಾವ ಮೂಲದಿಂದಲೂ ನೆರವು ಪಡೆದಿರಬಾರದೆಂದು ಆ ಯೋಜನೆಯ ನಿಯಮ ಹೇಳುತ್ತದೆ. ನಮ್ಮ ಉಪಕಾರವೇ ಅಜ್ಜಿಯ ಹಕ್ಕಿಗೆ ಎರವಾಗಬಹುದು. ಇಂಥ ತೊಡಕು ನಮ್ಮಲ್ಲಿ ಮಾತ್ರವೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಹಿರಿಯರ ವಿಮೆಯಾದ ಮೆಡಿಕೇರ್ ಮೂಲ ರೂಪದಲ್ಲಿ ಶ್ರವಣಯಂತ್ರಕ್ಕೆ ಹಣ ಕೊಡುವುದಿಲ್ಲ; ಬಡವರ ಮೆಡಿಕೇಡ್ ಮಂಜೂರಾಗುವ ತನಕ ಶುಶ್ರೂಷಾಲಯದಲ್ಲಿರುವ ವೃದ್ಧರ ಯಂತ್ರಕ್ಕೆ ಯಾರು ತೆರಬೇಕೆಂದು ಅಲ್ಲಿಯ ಕುಟುಂಬಗಳೂ ತಲೆ ಕೆಡಿಸಿಕೊಳ್ಳುತ್ತವೆ.

ಯಂತ್ರ ಸಂಘದ ಸೊತ್ತಾಗಿಯೇ ಇರಲಿ, ಅಜ್ಜಿಗೆ ಬಳಸಲು ಎರವಲು ಕೊಡೋಣ ಎಂಬ ಸಲಹೆ ಬಂದಿದೆ. ಇದು ನಿಯಮದ ಕಣ್ಣಿಗೆ ಮಣ್ಣೆರಚುವುದಲ್ಲವೇ ಎಂದು ಒಬ್ಬ ಸದಸ್ಯರು ಕೇಳಿದರು. ಕೇಳಬೇಕಾದ ಮಾತೇ. ಮುಚ್ಚಿಟ್ಟರೆ ಹೌದು, ಮಣ್ಣೆರಚಿದಂತೆಯೇ. ಆದ್ದರಿಂದ ಎರವಲೆಂಬುದನ್ನು ಕಚೇರಿಗೆ ಮೊದಲೇ ಬರೆದು ತಿಳಿಸಬೇಕೆಂಬುದು ನಮ್ಮ ಅಭಿಪ್ರಾಯ. ಒಪ್ಪಿದರೆ ಸರಿ, ಒಪ್ಪದಿದ್ದರೆ ಎರಡನ್ನೂ ವಿವರಿಸಿ ಅಜ್ಜಿಯನ್ನೇ ಕೇಳಬೇಕು. ಬೇಕಾದರೆ ಚೀಟಿಯಲ್ಲಿ ಬರೆದು ಕೇಳೋಣ. ಕಣ್ಣು ಚೆನ್ನಾಗಿಯೇ ಇದೆ. ಇದುವರೆಗೆ ನಾವೆಲ್ಲ ಅಜ್ಜಿಯ ಪರವಾಗಿ ವಾದಿಸಿದ್ದೇವೆಯೇ ಹೊರತು ಅವರನ್ನು ಕೇಳಿದವರಿಲ್ಲ.

ಸರ್ಕಾರದ ಯಂತ್ರ ಬಂದ ದಿನ ನಮ್ಮದು ಸಂಘದ ಬೀರುವಿಗೆ ಮರಳುತ್ತದೆ. ಡಿಜಿಟಲ್ ಯಂತ್ರವಾದರೆ ಮತ್ತೊಬ್ಬರ ಕಿವಿಗೆ ತಕ್ಕಂತೆ ಹೊಂದಿಸಬಹುದು. ಕಿವಿಯೊಳಗಿನ ಅಚ್ಚನ್ನು ಮಾತ್ರ ಹೊಸದಾಗಿ ಮಾಡಿಸಬೇಕು. ಗುಂಡಿಯಷ್ಟು ಪುಟ್ಟ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. ಅದನ್ನು ಬದಲಿಸಿ, ಅಲ್ಲೇ ಅರ್ಧ ಗಂಟೆ ಕೂತು ಕನ್ನಡದಲ್ಲಿ ಮಾತಾಡಿ ಬರಲು ಜನ ಬೇಕು. ಮಟ್ಟಾಂಚೇರಿ, ಫೋರ್ಟ್ ಕೊಚ್ಚಿ, ತೋಪ್ಪುಂಪಡಿ ಕಡೆ ಮನೆಯಿರುವ ಸದಸ್ಯರು ಮುಂದಿನ ಸಭೆಗೆ ಮೊದಲು ಕಾರ್ಯದರ್ಶಿಗಳಿಗೆ ಹೆಸರು ಕೊಡಬೇಕಾಗಿ ವಿನಂತಿ.