ರೋಗಿಯನ್ನು ಕೇಳಿದವರಾರು?

ಬಾರ್ತಿಮಾಯನಿಗೆ ಏನು ಬೇಕೆಂಬುದು ಜೆರಿಕೋವಿನ ಜನರಿಗೆಲ್ಲ ಗೊತ್ತಿತ್ತು. ಆದರೂ ಯೇಸುಸ್ವಾಮಿ ಅವನನ್ನೇ ಕೇಳಿದರು. ಅವನ ಬಾಯಿ ಮುಚ್ಚಿಸಲು ನೋಡಿದವರು ಸ್ವಾಮಿಯ ಹಿಂದೆ ಹೊರಟಿದ್ದವರೇ!

ಮಾನಸಿಕ ಆರೋಗ್ಯ ಸೇವೆ ಸುಧಾರಿಸಬೇಕೆಂದಾಗ ವೈದ್ಯರನ್ನು, ಮನೆಯವರನ್ನು ಕೇಳುತ್ತೇವೆ. ರೋಗಿಯನ್ನು? "ಅವನಿಗೇನು ತಿಳಿಯುತ್ತೆ, ಫಾದರ್?" 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಈ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ತಂದಿತು. 2017ರ ಕಾಯ್ದೆ, ಮುಂದೊಮ್ಮೆ ಕಾಯಿಲೆ ಬಂದರೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ವಯಸ್ಕರು ಮೊದಲೇ ಬರೆದಿಡುವ ಹಕ್ಕನ್ನೂ ಕೊಟ್ಟಿತು. ಬುದ್ಧಿ ಕದಡಿದ ಗಳಿಗೆಯಲ್ಲಿ ರೋಗಿ ಎಲ್ಲವನ್ನೂ ನಿರ್ಧರಿಸಲಾರ, ನಿಜ. ಆದರೆ ಬುದ್ಧಿ ಕದಡಿತೆಂದು ದೇವರ ಪ್ರತಿರೂಪ ಅಳಿಸಿಹೋಗದು.

ನಾನು ವರ್ಷಗಟ್ಟಲೆ ಆಶೀರ್ವದಿಸಿ ಬರುತ್ತಿದ್ದ ಮನೆಯೊಂದರಲ್ಲಿ ಕೊನೆಗೊಮ್ಮೆ ಆ ತಮ್ಮನನ್ನೇ ಕೇಳಿದೆ. ಭಾನುವಾರದ ಪೂಜೆಗೆ ಬರಬೇಕಂತೆ. ಅಷ್ಟೇ.