ಗಾಡಿಯ ಗುಣವೋ, ಕೈಗುಣವೋ

ದೀಪಾವಳಿಗೆಂದು ಆಳಂದಕ್ಕೆ ಬಂದಿದ್ದ ತಂಗಿಯ ಮಗ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. ಬೆಂಗಳೂರಿನಲ್ಲಿ ನೌಕರಿ ಮಾಡುವ ಅವನಿಗೆ ಕಾರಿನ ಹುಚ್ಚು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ 1990ರಿಂದ ಒಂದು ರೇಸ್ ಟ್ರ್ಯಾಕ್ ಇದೆ. ಕೆಲವು ದಿನ, ಹಣ ಕಟ್ಟಿದವರು ಸ್ವಂತ ಕಾರನ್ನೇ ಅಲ್ಲಿ ಓಡಿಸಬಹುದಂತೆ. ಗೆಳೆಯರಿಗಿಂತ ಹಿಂದೆ ಬಿದ್ದೆನೆಂದು, ದುಬಾರಿ ಟೈರು ಮತ್ತು ಎಂಜಿನ್ನಿಗೆ ಹೊಸ ಸಾಮಾನು ಹಾಕಿಸಲು ಸಾಲ ಮಾಡಹೊರಟಿದ್ದ.

“ಅಲ್ಲಿ ಕಲಿಸೋರು ಏನಂದ್ರಪ್ಪಾ?” ಎಂದೆ.

“ಮೊದಲು ಬ್ರೇಕ್ ಹಾಕೋದು ಕಲಿ ಅಂದ್ರು, ದೊಡ್ಡಮ್ಮ.”

ನನಗೆ ನಗು ಬಂತು. ಜೇವರ್ಗಿ ತಾಲ್ಲೂಕಿನ ಹಳ್ಳಿಯ ಶಾಲೆಗೆ ವರ್ಗವಾದಾಗ, ನಲವತ್ತೈದನೆಯ ವಯಸ್ಸಿನಲ್ಲಿ ನಾನು ಸ್ಕೂಟರ್ ಕಲಿತೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗಳು ಹೊಲದ ಎರೆಮಣ್ಣನ್ನು ತಂದು ಡಾಂಬರಿಗೆ ಮೆತ್ತುತ್ತಿದ್ದವು. ಒಂದೇ ತಿರುವಿನಲ್ಲಿ ಎರಡು ಸಲ ಬಿದ್ದೆ. ಹೊಸ ಗಾಡಿಯೇ ಬೇಕೆಂದು ಹಟ ಹಿಡಿದೆ. “ಗಾಡಿದೇನೂ ತಪ್ಪಿಲ್ಲರಿ ಟೀಚರ್, ನೀವು ತಿರುವಿನ್ಯಾಗ ಬ್ರೇಕ್ ಹಿಡೀಲತ್ತೀರಿ” ಎಂದ ಮೆಕ್ಯಾನಿಕ್ ಹುಡುಗ. ಟೈರಿಗೆ ನೆಲದ ಹಿಡಿತ ಇರುವುದು ಇಷ್ಟೇ. ತಿರುಗುವುದಕ್ಕೇ ಅದು ಖರ್ಚಾದರೆ ಬ್ರೇಕಿಗೆ ಉಳಿಯುವುದಿಲ್ಲ. ಗಾಡಿ ನೆಟ್ಟಗಿರುವಾಗಲೇ ವೇಗ ತಗ್ಗಿಸಲು ಕಲಿತೆ. ಅದೇ ಸ್ಕೂಟರನ್ನು ಮುಂದೆ ಆರು ವರ್ಷ ಓಡಿಸಿದೆ.

ಹಾಗಾದರೆ ಕೈಗುಣವೇ ದೊಡ್ಡದು ಎಂದು ಬುದ್ಧಿ ಹೇಳಹೊರಟವಳಿಗೆ ಅಫಜಲಪುರದ ತವರುಮನೆ ನೆನಪಾಯಿತು. ಅವ್ವನ ಜೋಳದ ರೊಟ್ಟಿಯನ್ನು ಹೊಗಳದವರಿರಲಿಲ್ಲ. ಹೊಗಳುತ್ತಲೇ ಅವಳನ್ನು ಹೊಗೆಯ ಒಲೆಯ ಮುಂದೆ ಕೂರಿಸಿದರು. ಅಪ್ಪ ಎರಡು ಸಲ ಮೋಟಾರ್ ಸೈಕಲ್ ಬದಲಿಸಿದ ಮೇಲೂ ಮನೆಗೆ ಗ್ಯಾಸ್ ಬರಲಿಲ್ಲ. ಅವಳ ಕೆಮ್ಮು ಮಾತ್ರ ಬೆಳೆಯಿತು. ಹೊಗಳಿಕೆಯೂ ಖರ್ಚು ಉಳಿಸುವ ಒಂದು ದಾರಿ!

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಬೈಕ್ ಪಂದ್ಯಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು. ಕೈ ಪಳಗದಿದ್ದರೆ ಅದು ಸಾಧ್ಯವಿರಲಿಲ್ಲ. ಬೈಕೇ ಸಿಗದಿದ್ದರೆ ಆ ಕೈಯ ಪಳಗು ಯಾರಿಗೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ನನ್ನ ಸೋಲಿನ ಲೆಕ್ಕ ಹಾಕುವಾಗ ಮೊದಲು ನನ್ನ ಕೈಯನ್ನು ನೋಡಿಕೊಳ್ಳಬೇಕು. ಇನ್ನೊಬ್ಬರ ಸೋಲನ್ನು ತೂಗುವಾಗ ಮೊದಲು ಅವರ ಕೈಗೆ ನಾವು ಕೊಟ್ಟದ್ದೇನೆಂದು ನೋಡಬೇಕು. ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತೇವೆ.

“ಟೈರು, ಬ್ರೇಕು ಸವೆದಿದ್ದರೆ ಬದಲಿಸಪ್ಪ. ಉಳಿದ ರೊಕ್ಕ ಕಲಿಯೋದಕ್ಕೆ ಹಾಕು” ಎಂದೆ ಹುಡುಗನಿಗೆ.

ನಾನೂ ಒಂದು ಅಭ್ಯಾಸ ಬದಲಿಸಿಕೊಂಡಿದ್ದೇನೆ. ಅಕ್ಷರ ಕೆಟ್ಟದಾಗಿದೆಯೆಂದು ಹುಡುಗಿಯನ್ನು ಬೈಯುವ ಮುಂಚೆ, ಅವಳ ಪೆನ್ನಿನಿಂದ ಒಂದು ಸಾಲು ನಾನೇ ಬರೆದು ನೋಡುತ್ತೇನೆ.