ಅಳಿಸುವ ಮುನ್ನ ಒಮ್ಮೆ ತೆರೆದು ನೋಡಿ

ತಮಿಳುನಾಡಿನ ಡೆಂಕಣಿಕೋಟೆ ಕಡೆಯ ಹಳ್ಳಿಯಲ್ಲಿರುವ ನಮ್ಮ ನೆಂಟರೊಬ್ಬರ ಮನೆಗೆ ಹೋಗಿದ್ದೆ. ಅವರು ನಿವೃತ್ತ ಕನ್ನಡ ಮೇಷ್ಟ್ರು. ಹೊಸೂರಿನಲ್ಲಿ ಓದುವ ಮೊಮ್ಮಗಳು ರಜೆಗೆ ಬಂದವಳು ತಾತನ ಹಳೆಯ ಕಂಪ್ಯೂಟರಿನ ಕಸ ತೆಗೆಯಲು ಕೂತಿದ್ದಳು. ಎರಡೆರಡು ಸಲ ಸೇರಿಕೊಂಡಿದ್ದ ಫೋಟೊಗಳು, ಯಾರೂ ಆಡದ ಆಟಗಳು ಒಂದೊಂದಾಗಿ ಹೋದವು. ಹೋಗಬೇಕಾದದ್ದೇ. ಆಮೇಲೆ ಒಂದು ಫೋಲ್ಡರ್ ತೆರೆದು, "ತಾತಾ, ಇದಕ್ಕೆಲ್ಲ ವೈರಸ್ ಹಿಡಿದಿದೆ, ತೆಗೆದುಬಿಡ್ತೀನಿ" ಅಂದಳು.

ಬಗ್ಗಿ ನೋಡಿದೆ. ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಪೌಂಡ್ ಹಣದ ಗುರುತು, ಮತ್ತೆ ಅದೇ ಗೀಟಿನ ಎ, ಹೀಗೇ ಮುಂದಕ್ಕೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕೈ ಪಳಗಿದವರಿಗೆ ಇದು ನೋಡಿದ ಕೂಡಲೇ ತಿಳಿಯುತ್ತದೆ. ಅಲ್ಲಿದ್ದದ್ದು 'ಕನ್ನಡ' ಎಂಬ ಪದ.

ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರ, ಒತ್ತು, ಕೊಂಬುಗಳನ್ನು ಕೂರಿಸಿಕೊಂಡು ಕೆಲಸ ನಡೆಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲವಾದರೆ ಈ ಚೆಲ್ಲಾಪಿಲ್ಲಿ. ಮೇಷ್ಟ್ರು ಹಿಂದೊಮ್ಮೆ ವಿಂಡೋಸ್ ಹೊಸದಾಗಿ ಹಾಕಿಸಿದ್ದರು. ಡಿ ಡ್ರೈವಿನ ಫೈಲುಗಳು ಉಳಿದವು, ಫಾಂಟು ಹೋಯಿತು. ಆಮೇಲೆ ಅವರೂ ಆ ಫೋಲ್ಡರ್ ಕೆಟ್ಟಿದೆ ಎಂದೇ ನಂಬಿ ಸುಮ್ಮನಿದ್ದರು.

ನುಡಿ ಇಳಿಸಿ ತೆರೆದೆವು. ಶಾಲಾ ವಾರ್ಷಿಕೋತ್ಸವದ ನಾಟಕಗಳು, ಪ್ರಶ್ನೆಪತ್ರಿಕೆಗಳು, ಅವರ ತಾಯಿ ಹೇಳಿ ಬರೆಸಿದ ಸೋಬಾನೆ ಪದಗಳು. ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯವಾದಾಗ, ನಮ್ಮ ಮಕ್ಕಳಿಗೆ ಕನ್ನಡದ ಪಾಠವೂ ಉಳಿಯಲಿ ಎಂದು ಊರವರು ಕೊಟ್ಟ ಮನವಿಯ ಕರಡೂ ಇತ್ತು. ಕಾಗದದ ಪ್ರತಿ ಯಾವುದಕ್ಕೂ ಇಲ್ಲ. ಸೋಬಾನೆ ಹೇಳಿದ ಆ ತಾಯಿಯೂ ಈಗಿಲ್ಲ. ಮೊಮ್ಮಗಳು ತಮಿಳನ್ನು ಸರಾಗ ಓದುತ್ತಾಳೆ, ಕನ್ನಡವನ್ನು ಅಕ್ಷರ ಕೂಡಿಸಿಕೊಂಡು. ಆ ಪದಗಳನ್ನು ಹಾಗೆಯೇ ಕೂಡಿಸುತ್ತ ಜೋರಾಗಿ ಓದಿದಳು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

ಅಂದು ಅವಳು ಅಳಿಸಿಬಿಟ್ಟಿದ್ದರೆ? ಡಿಲೀಟ್ ಒತ್ತಿದರೆ ಫೈಲು ಮೊದಲು ರೀಸೈಕಲ್ ಬಿನ್ನಿಗೆ ಹೋಗುತ್ತದೆ, ಅಲ್ಲಿಂದ ಮರಳಿ ತರಬಹುದು. ಶಿಫ್ಟ್ ಸೇರಿಸಿ ಒತ್ತಿದರೆ ಆ ಅವಕಾಶವಿಲ್ಲ. ಪೆನ್‌ಡ್ರೈವಿನಿಂದ ಅಳಿಸಿದ್ದೂ ಸಾಮಾನ್ಯವಾಗಿ ಬಿನ್ನಿಗೆ ಬರುವುದಿಲ್ಲ. ಹಳೆಯ ಹಾರ್ಡ್ ಡಿಸ್ಕಿನಲ್ಲಾದರೆ ಬಿನ್ ಖಾಲಿ ಮಾಡಿದ ಮೇಲೂ ಫೈಲಿನಲ್ಲಿದ್ದದ್ದು ಕೆಲಕಾಲ ಅಲ್ಲೇ ಇರುತ್ತದೆ. ಅಳಿಯುವುದು ಅದರ ವಿಳಾಸ ಮಾತ್ರ, ಆ ಜಾಗದಲ್ಲಿ ಬೇರೇನಾದರೂ ಬರೆದಾಗಲೇ ಅದು ನಿಜವಾಗಿ ಹೋಗುವುದು. ತಪ್ಪಿ ಅಳಿಸಿದವರು ಕೂಡಲೇ ಯಂತ್ರ ನಿಲ್ಲಿಸಿ ತಿಳಿದವರ ಹತ್ತಿರ ಒಯ್ದರೆ ಸಿಕ್ಕೀತು. ಈಗಿನ ಎಸ್‌ಎಸ್‌ಡಿಯಲ್ಲಿ ಆ ಆಸೆ ಬಹಳ ಕಡಿಮೆ. ಅಳಿಸಿದ ಜಾಗವನ್ನು ಅದು ಬೇಗನೆ ತಾನೇ ತೊಳೆದುಬಿಡುತ್ತದೆ.

ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರ್. ಅಲ್ಲಿ ಅಚ್ಚಾದ ಪುಸ್ತಕದ ಒಂದು ಪ್ರತಿ ಹೋದರೆ ಇನ್ನೊಂದು ಸಿಗುತ್ತದೆ. ಆದರೆ ತಳಿ, ಅಂಚೆಟ್ಟಿ, ಡೆಂಕಣಿಕೋಟೆಯ ಕನ್ನಡದ ಮನೆಗಳಲ್ಲಿ ಬರೆದಿಟ್ಟದ್ದಕ್ಕೆ ಬಹಳ ಸಲ ಇರುವುದು ಅದೊಂದೇ ಪ್ರತಿ.

ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಇಂಥ ಫೋಲ್ಡರ್ ಇದ್ದರೆ ಮೊದಲು ನುಡಿ ಅಥವಾ ಬರಹ ಹಾಕಿ ತೆರೆಯಿರಿ. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಅರ್ಕಾವೊತ್ತು, ಒತ್ತಕ್ಷರಗಳು ಕೆಲವೊಮ್ಮೆ ಜಾಗ ತಪ್ಪುತ್ತವೆ, ಆದ್ದರಿಂದ ಮೂಲ ಫೈಲನ್ನೂ ಇಟ್ಟುಕೊಳ್ಳಿ. ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ, ಬೇರೆಯವರ ಕೈಯಲ್ಲಿ ಇಡಿ. ಬರೆದ ಹಿರಿಯರು ಇನ್ನೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಏನೆಂದು ಕೇಳಿ. ಬೇಡದ್ದನ್ನು ಆಮೇಲೆ ಅಳಿಸಿ.